ಬೀಗರ ಎಲೆಯಲ್ಲಿ ಕುಣಿದ ಮುದ್ದೆ

"ಈ ಭಾನುವಾರ ಬೀಗರೂಟದಲ್ಲಿ ನಿಮ್ಮವ್ವ 'ಗಿಟಾರು ಕೇಳುಸ್ತು' ಅನ್ನದೆ ಓದ್ರೆ, ಅದ್ನ ಅಟ್ಟಕ್ಕೆ ಆಕ್ಬುಟ್ಟು ಇನ್ಯಾವತ್ತೂ ಮುಟ್ಟಾಕಿಲ್ಲ!" ಎಂದು ನಂಜೇಶ ನಡುಮನೆಯಲ್ಲಿ ನಿಂತು ಶಪಥ ಮಾಡಿದ.

"ಅಟ್ಟದಲ್ಲಿ ಜಾಗ ಮಾಡಿರ್ತೀನಿ ಬುಡಿ," ಎಂದಳು ಹೆಂಡತಿ ಯಶೋಧರಾ.

ವಾರಕ್ಕೆ ಆರು ದಿನ ತಾಂಡ್ಯದ ಕಾರ್ಖಾನೆಯಲ್ಲಿ ಡಬ್ಬಗಳಿಗೆ ಮುಚ್ಚಳ ಹಾಕುವ ನಂಜೇಶ, ಏಳನೆಯ ದಿನ ಜನಪದ ತಂಡದ ಬೇಸ್ ಗಿಟಾರ್ ಮಹಾಕಲಾವಿದ! ತಂಡದಲ್ಲಿ ಗುರು ಎಂಬವನು ತಮಟೆ ಬಡಿದರೆ ಊರೇ ಕುಣಿಯುತ್ತಿತ್ತು. ಹಾಡುಗಾರ ಬಾಯಿ ತೆಗೆದರೆ ಶಿಳ್ಳೆ ಬೀಳುತ್ತಿತ್ತು. ನಂಜೇಶನದೋ, ಎಲ್ಲರ ಅಡಿಯಲ್ಲಿ ಗುಂಯ್ ಎನ್ನುವ ದಪ್ಪ ದನಿ. ಅದಿಲ್ಲದಿದ್ದರೆ ಹಾಡಿಗೆ ಕಾಲೇ ಇಲ್ಲವಂತೆ. ಹಾಗೆಂದು ಹೇಳುತ್ತಿದ್ದವನು ನಂಜೇಶನೊಬ್ಬನೇ.

ಅವನ ಅತ್ತೆ, ಸೋಸಲೆಯ ಪುಟ್ಟಮಾದಮ್ಮ, ಗಿಟಾರನ್ನು ಮೊದಲ ಸಲ ಕಂಡಾಗಲೇ ಕೇಳಿದ್ದಳು: "ಎಲ್ಲಾರ್ದಕ್ಕೂ ಆರು ತಂತಿ ಅವೆ, ನಿಂದ್ರಲ್ಲಿ ನಾಕೇ ಅವಲ್ಲಪ್ಪಾ! ಎರಡ್ನ ಇಲಿ ತಿಂತಾ?"

ಆ ಮಾತು ಮುಳ್ಳಿನಂತೆ ಚುಚ್ಚಿತ್ತು. ತಂಡದ ಹಾಡು ಮುಗಿದಾಗಲೆಲ್ಲ "ನಿಂದು ಕೇಳುಸ್ಲೇ ಇಲ್ವಲ್ಲಪ್ಪಾ" ಎನ್ನುವುದು ಬೇರೆ.

ಭಾನುವಾರ ಬಂತು. ಟಿ. ನರಸೀಪುರದಲ್ಲಿ ಯಶೋಧರಾಳ ಚಿಕ್ಕಪ್ಪನ ಮಗಳ ಮದುವೆಯ ಬೀಗರೂಟ: ಶಾಮಿಯಾನ, ಉದ್ದುದ್ದ ಮೇಜು, ಪಕ್ಕದಲ್ಲೇ ನಂಜೇಶನ ತಂಡಕ್ಕೆ ಸ್ಟೇಜು, ಅದರ ಹಿಂದೆ ಜನರೇಟರ್. ನಂಜೇಶ ಭಾರಿ ಉಪಾಯ ಹೂಡಿದ. ತನ್ನ ಸ್ಪೀಕರ್ ಡಬ್ಬವನ್ನು ಸ್ಟೇಜಿನಿಂದ ಹೊತ್ತು ತಂದು, ಅತ್ತೆ ಕೂರುವ ಮೇಜಿನ ಕೆಳಗೇ ತುರುಕಿದ. ಸೌಂಡು ಪೂರ್ತಿ ಏರಿಸಿದ. ಇನ್ನು ಕೇಳದೆ ಎಲ್ಲಿಗೆ ಹೋದಾಳು!

ಎಲೆ ಬಿತ್ತು. ಮುದ್ದೆ ಬಿತ್ತು. ಮೇಲೆ ಬಾಡಿನ ಸಾರು ಬಿತ್ತು. ಅತ್ತೆಯ ಎದುರಿಗೆ ಗಂಡಿನ ಕಡೆಯ ಹಿರಿಯರು ಮರಿಸ್ವಾಮಿ, ಗಂಜಿ ಹಾಕಿದ ಬಿಳಿ ಪಂಚೆಯಲ್ಲಿ ಗತ್ತಾಗಿ ಕೂತಿದ್ದರು.

ನಂಜೇಶ ತಂತಿ ಮೀಟಿದ. ಗುಂಯ್ಯ್ಯ್!

ಮೇಜು ಗಡಗಡ ನಡುಗಿತು. ಲೋಟಗಳು ಮೆರವಣಿಗೆ ಹೊರಟವು. ಮರಿಸ್ವಾಮಿಯವರ ಮುದ್ದೆ ಎಲೆಯ ಮೇಲೆ ಒಂದು ಸುತ್ತು ಕುಣಿದು, ಸಾರನ್ನೂ ಜೊತೆಗೆ ಕರೆದುಕೊಂಡು ಪಂಚೆಗೆ ಇಳಿಯಿತು!

"ಏನ್ಲಾ ಇದು? ಬೂಮಿ ನಡುಗ್ತಾ ಅದಾ?" ಎಂದರು ಮರಿಸ್ವಾಮಿ.

"ಜನರೇಟ್ರು ಸಿಡೀತದೆ, ಏಳ್ರಪ್ಪೋ!" ಎಂದು ಯಾವುದೋ ಹೆಂಗಸಿನ ದನಿ ಕಿರುಚಿತು.

ಬೀಗರಲ್ಲಿ ಒಬ್ಬರು ಉಣ್ಣುವ ಎಲೆ ಬಿಟ್ಟು ಎದ್ದರೂ ಅದು ಏಳು ವರ್ಷದ ಮುನಿಸು. ಇಲ್ಲಿ ಇಡೀ ಪಂಕ್ತಿಯೇ ಎದ್ದು ನಿಂತಿತು! ಹೆಣ್ಣಿನ ಅಪ್ಪ ಕೈ ಮುಗಿಯುತ್ತ ಓಡಿದ. ಅಡುಗೆಯವನು ಜನರೇಟರ್ ಆರಿಸಲು ಓಡಿದ. ಗಿಟಾರು ಸತ್ತಿತು, ಮೈಕೂ ಸತ್ತಿತು. ತಮಟೆಗೇನು ಕರೆಂಟು ಬೇಕೆ? ಗುರು ಬಡಿಯುತ್ತಲೇ ಇದ್ದ. ಹಾಡುಗಾರ ಬರಿಗಂಟಲಲ್ಲೇ ದನಿ ಎತ್ತಿದ. ಬೀಗರ ಮುಖ ಸಡಿಲವಾಯಿತು. ಕೂತರು. ಇನ್ನೊಂದೊಂದು ಮುದ್ದೆಯನ್ನೂ ಹಾಕಿಸಿಕೊಂಡರು.

"ಈಗ ಬಂತು ನೋಡ್ಲಾ ಪದ!" ಎಂದರು ಮರಿಸ್ವಾಮಿ, ಒದ್ದೆ ಪಂಚೆ ಹಿಂಡುತ್ತ.

ಊಟ ಮುಗಿದ ಮೇಲೆ ನಂಜೇಶ ಮೆಲ್ಲಗೆ ಅತ್ತೆಯ ಹತ್ತಿರ ಬಂದ. "ಅತ್ತೇ, ಗುಂಯ್ ಅಂತಲ್ಲಾ, ಕೇಳುಸ್ತಾ?"

"ಕೇಳದೆ ಇರ್ತದಾ? ಎದೇನೇ ಅದುರೋಯ್ತು! ಸಿಡೀತದೆ ಏಳ್ರಪ್ಪೋ ಅಂತ ಕೂಗುದ್ದೇ ನಾನು ಕಣಪ್ಪಾ!"

"ಅದು ಜನರೇಟ್ರಲ್ಲ ಅತ್ತೆ... ನಾನು."

ಯಶೋಧರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಕೇಳುಸ್ತಂತಲ್ಲ, ಗೆದ್ರಿ ಬುಡಿ!"

ಗಿಟಾರಿಗೆ ಅಟ್ಟ ತಪ್ಪಿತು. ನಂಜೇಶನಿಗೆ ಮಾತ್ರ ಮುಂದಿನ ವಾರ ಅತ್ತೆಯನ್ನು ಊರಿಗೆ ಬಿಡಲು ಸೋಸಲೆ ಬಸ್ಸು ಹತ್ತುವುದು ತಪ್ಪಲಿಲ್ಲ. ಪಕ್ಕದ ಸೀಟಿನವಳು ಕೇಳಿದಳು: "ನಿಮ್ಮ ಅಳಿಯ ಅದೇನೋ ಬಾರುಸ್ತಾನಂತಲ್ಲಕ್ಕಾ?"

ಪುಟ್ಟಮಾದಮ್ಮ ಸೆರಗು ಸರಿಮಾಡಿಕೊಂಡು, ಇಡೀ ಬಸ್ಸಿಗೆ ಕೇಳುವಂತೆ ಹೆಮ್ಮೆಯಿಂದ ಹೇಳಿದಳು:

"ಅದ್ರ ಎಸ್ರು ನಂಗೊತ್ತಿಲ್ಲ ಕವ್ವಾ. ಆದ್ರೆ ಅವ್ನು ಬಾರುಸುದ್ರೆ ಬೀಗ್ರೂ ಎಲೆ ಬುಟ್ಟು ಎದ್ ನಿಂತ್ಕೋತಾರೆ!"