ಚಂಬಣ್ಣನ ದವಡೆ ಸಮರ

ಎಲೈ ವಾಗ್ದೇವಿಯೇ, ಸಕಲಜೀವರ ನಾಲಗೆಗಳಲ್ಲಿ ನಲಿಯುವವಳೇ, ಕಲಿಯುಗದ ಈ ಮಧ್ಯಾಹ್ನದಲ್ಲಿ ಮುಂಡರಗಿಯಿಂದ ಗದಗಕ್ಕೆ ದಿನಕ್ಕೆ ಮೂರು ಸಲ ದಿಗ್ವಿಜಯಗೈವ ಸರ್ಕಾರಿ ಬಸ್ಸಿನ ಅಧಿಪತಿ, ಚಿಲ್ಲರೆಕಲಹಕೋವಿದ, ಫುಟ್‌ಬೋರ್ಡ್‌ವೀರಮರ್ದನ, ಮೇಘಗಂಭೀರಕಂಠನಾದ ಕಂಡಕ್ಟರ್ ಚಂಬಣ್ಣನ ಕೆಳದವಡೆಯಲ್ಲಿ ನಡೆದ ಘೋರಸಮರವನ್ನು ಬಣ್ಣಿಸುವ ಶಕ್ತಿಯನ್ನು ಕರುಣಿಸು!

ಶತ್ರು ಹೊರಗಿನವನಲ್ಲ. ದಂತಸೇನೆಗೆ ಎಲ್ಲರಿಗಿಂತ ತಡವಾಗಿ ಬಂದು, ನೆಟ್ಟಗೆ ನಿಲ್ಲಲು ಜಾಗ ಸಾಲದೆ, ನೆರೆಯ ಹಲ್ಲಿಗೆ ತಲೆಯಾನಿಸಿ ವಸಡಿನೊಳಗೇ ಅಡ್ಡ ಮಲಗಿದ್ದ, ಬುದ್ಧಿಹಲ್ಲೆಂಬ ಬಿರುದಿದ್ದೂ ಬುದ್ಧಿಯಿಲ್ಲದ ಪಾಪಿ. ಸೋಮವಾರ ಅದರ ಮೇಲಿನ ವಸಡು ಕೆಂಪೇರಿ ಬಾತುಕೊಂಡಿತು.

"ಚಂಬಣ್ಣಾ, ಗಲ್ಲ ಬಾತೇತಿ. ದವಾಖಾನಿಗೆ ಹೋಗಿ ಬಾ," ಎಂದ ಸಾರಥಿ, ಅಂದರೆ ಡ್ರೈವರ್ ಮಾಬುಸಾಬ.

ವೀರನು ಎದೆಯುಬ್ಬಿಸಿ ಗರ್ಜಿಸಿದನು: "ಮಾಬಣ್ಣಾ, ಯಾರ ಮುಂದ ಏನ್ ಹೇಳಾಕತ್ತಿ? ಸಂತಿ ದಿನ ನೂರಾ ಹತ್ತು ಮಂದಿನ್ನ ಒಂದ ಬಸ್ಸಿನ್ಯಾಗ ತುಂಬಿ, ಒಬ್ಬಂದೂ ಟಿಕೇಟ್ ತಪ್ಪಿಸದಾಂವ ನಾನು! ಹುಣಸಿಬೀಜದಷ್ಟು ಹಲ್ಲಿಗೆ ಸೋಲ್ತೇನೇನು? ಲವಂಗ ಇಟ್ಟೇನಿ. ನಾಳಿಗೆ ಅದರ ಸದ್ದ ಅಡಗತೈತಿ!"

ಮರುದಿನ ಅಡಗಿದ್ದು ವೀರನದೇ ಸದ್ದು. ದವಡೆ ಬಿಗಿದು, ಬಾಯೊಳಗೆ ಒಂದು ಬೆರಳು ತೂರುವುದೂ ಕಷ್ಟವಾಯಿತು. "ಡಂಬಳಾ, ಇಳೀರಿ ಡಂಬಳಾ!" ಎಂದು ದಿಗಂತಗಳನ್ನು ನಡುಗಿಸುತ್ತಿದ್ದ ಕಂಠದಿಂದ "ಮ್ಮಾ, ಮ್ಮಾ" ಎಂಬ ಕರುವಿನ ದನಿ ಹೊರಟಿತು. ಡಂಬಳದ ಮುದುಕಿಯೊಬ್ಬಳು ಮುಂದಿನೂರಿನಲ್ಲಿ ಇಳಿದು, ಅವನ ಏಳು ತಲೆಮಾರನ್ನೂ ಹೆಸರೆತ್ತಿ ಸ್ತುತಿಸಿದಳು.

ಬುಧವಾರ ಜ್ವರ. ಬಾವು ದವಡೆಯ ಗಡಿ ದಾಟಿ ಕೊರಳಿಗಿಳಿಯಿತು. ಬಾಟಲಿಯೆತ್ತಿ ನೀರು ಕುಡಿಯಹೋದರೆ ಅದು ಗಂಟಲಿಳಿಯದೆ ಖಾಕಿ ಅಂಗಿಯ ಮೇಲೆ ಹರಿಯಿತು. ಆಗ ಚಂಬಣ್ಣನಿಗೆ ನಿಜವಾಗಿ ಭಯವಾಯಿತು. ಕೂಗಿಕೊಳ್ಳಲು ಬಾಯಿಲ್ಲ. ಬಸ್ಸು ನಿಂತಾಗ ಚೀಟಿಯಲ್ಲಿ ಬರೆದು ಸಾರಥಿಗೆ ಕೊಟ್ಟ: "ನೀರು ಇಳಿಯವಲ್ದು."

ಮಾಬುಸಾಬ ಹಿಂದಕ್ಕೆ ತಿರುಗಿ ಘೋಷಿಸಿದ: "ಯಪ್ಪಗಳ್ರಾ, ಯವ್ವಗಳ್ರಾ, ಬಸ್ಸು ಮೊದಲಿಗೆ ಹಲ್ಲಿನ ದವಾಖಾನಿಗೆ ಹೊಂಟೈತಿ. ಅವಸರ ಇದ್ದವ್ರು ಇಲ್ಲೇ ಇಳೀರಿ."

ಯಾರೂ ಇಳಿಯಲಿಲ್ಲ. ಇಂಥದ್ದು ದಿನಾ ನೋಡಸಿಗುತ್ತದೆಯೇ?

ಗದಗದ ಇಕ್ಕಟ್ಟಾದ ಓಣಿಗೆ ಮಹಾರಥವು ನುಗ್ಗಿತು. ದಂತವೈದ್ಯೆ ಶೈಲಜಾ ಕೊರಳು ಮುಟ್ಟಿ ನೋಡಿ ಸಿಡಿದರು: "ಮೂರು ದಿನ ಏನ್ ಮಾಡ್ತಿದ್ರಿ? ಸೋಂಕು ಕೊರಳಿಗೆ ಇಳದೈತಿ. ಇನ್ನೂ ತಡ ಮಾಡಿದ್ರ ಉಸಿರ ಕಟ್ಟತಿತ್ತು. ನಂಜು ರಕ್ತಕ್ಕೇರಿದ್ರ ಜೀವಕ್ಕ ಕುತ್ತು!"

ಅವರೇ ಫೋನು ಮಾಡಿ ಅವನನ್ನು ದೊಡ್ಡಾಸ್ಪತ್ರೆಗೆ ದಾಟಿಸಿದರು. ಅಲ್ಲಿ ಸೂಜಿಯೆಂಬ ಶಕ್ತ್ಯಾಯುಧ ಮಿಂಚಿತು, ಕೀವಿನ ಕೋಟೆ ಒಡೆಯಿತು, ಗರುಡನ ಕೊಕ್ಕಿನಂಥ ಇಕ್ಕಳ ಎರಗಿತು. ಶತ್ರುವು ಬೇರುಸಹಿತ ಹೊರಬಂದು ಸ್ಟೀಲ್ ತಟ್ಟೆಯಲ್ಲಿ 'ಟಿಂಗ್' ಎಂದು ಬಿದ್ದಿತು. ಈ ರಣರಂಗದುದ್ದಕ್ಕೂ ಫುಟ್‌ಬೋರ್ಡ್‌ವೀರಮರ್ದನನು ಕಣ್ಣುಮುಚ್ಚಿ ನರ್ಸಮ್ಮನ ಕೈ ಹಿಡಿದುಕೊಂಡಿದ್ದನು.

ವಾರದ ಬಳಿಕ ಚಂಬಣ್ಣ ಡಿಪೋದ ಸಾಹೇಬರ ಮುಂದೆ ನಿಂತು, ಬಸ್ಸು ಐವತ್ತು ನಿಮಿಷ ತಡವಾದ ವೃತ್ತಾಂತವನ್ನು ಆದಿಯಿಂದ ಅಂತ್ಯದವರೆಗೆ, ಕೈಸನ್ನೆ ಸಮೇತ ನಿರೂಪಿಸಿದ. ಸಾಹೇಬರು ಪೂರ್ತಿ ಕೇಳಿದರು. ಮರುಗಿದರು ಕೂಡ. ಆಮೇಲೆ ಫಾರಮ್ಮಿನತ್ತ ನೋಡಿ, "ಜಾಗ ಇಷ್ಟೇ ಐತ್ರಿ, ಚಂಬಣ್ಣಾರ," ಎಂದು 'ವಿಳಂಬಕ್ಕೆ ಕಾರಣ' ಎಂಬಲ್ಲಿ ಬರೆದರು:

ಹಲ್ಲು.