ನಾಲ್ಕು ಬೋಲ್ಟು, ಹತ್ತು ಬೆರಳು

ದುಬೈಯ ಮರಗೆಲಸದ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿರುವ ನನ್ನಂಥವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಹೊಸ ಯಂತ್ರವೊಂದು ಒಳಗೆ ಬಂದರೆ ಸಾಕು, ಅದರ ಹಿಂದೆಯೇ ನಮ್ಮ ಮ್ಯಾನೇಜರೂ ಬರುತ್ತಾರೆ. ಈ ಸಲ ಬಂದದ್ದು ವೈರಿಲ್ಲದೆ ಬ್ಯಾಟರಿಯಲ್ಲಿ ಓಡುವ, ತಲೆಯನ್ನು ಮುಂದಕ್ಕೆಳೆದು ಮರವನ್ನು ಬೇಕಾದ ಕೋನಕ್ಕೆ ಕೊಯ್ಯುವ ಮೈಟರ್ ಗರಗಸ.

೧. ವೈರಿಲ್ಲದ ಧೈರ್ಯ

ಅದನ್ನು ಬಳಸಬೇಕಾದವರು ಆಚಾರಿ. ಕಾರ್ಕಳ ಕಡೆಯವರು, ಗಲ್ಫಿಗೆ ಬಂದು ಇಪ್ಪತ್ತೆಂಟು ವರ್ಷ. ಸೋನಾಪುರದ ಲೇಬರ್ ಕ್ಯಾಂಪಿನ ಅವರ ರೂಮಿನಲ್ಲಿರುವ ಹಳೆಯ ಬಡಗಿಗಳಲ್ಲಿ ಬೆರಳು ಪೂರ್ತಿ ಇರುವುದು ಅವರೊಬ್ಬರಿಗೇ. ಭಾನುವಾರ ಊರಿನಿಂದ ಹೆಂಡತಿ ಫೋನ್ ಮಾಡಿದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಹತ್ತೂ ಉಂಟಾ?" ಇವರು "ಉಂಟು ಮಾರಾಯ್ತಿ" ಎಂದ ಮೇಲೆಯೇ ಉಳಿದ ಮಾತು. ಇನ್ನು ಎಂಟು ತಿಂಗಳಿಗೆ ವೀಸಾ ಮುಗಿಸಿ ಊರಿಗೆ ಹೊರಡುವವರು. ತಂದ ಹತ್ತನ್ನೂ ವಾಪಸ್ ಒಯ್ಯಬೇಕು ಎನ್ನುವುದೊಂದೇ ಅವರ ಆಸೆ, ನನ್ನದೂ ಅದೇ.

ಪೆಟ್ಟಿಗೆ ಬಿಚ್ಚಿದ ದಿನ ನಾನು ಎಲ್ಲರಿಗೂ ಹೇಳಿದೆ, "ಬ್ಲೇಡ್ ಮುಟ್ಟುವ ಮೊದಲು, ಕೋನ ಸರಿ ಮಾಡುವ ಮೊದಲು, ಬ್ಯಾಟರಿ ತೆಗೆದು ಏಪ್ರನ್ ಕಿಸೆಗೆ ಹಾಕಿಕೊಳ್ಳಬೇಕು."

ಮ್ಯಾನೇಜರು ನಕ್ಕುಬಿಟ್ಟರು. ಅವರು ಎಂಬಿಎ ಓದಿದವರು, ನಮ್ಮ ಕರಾವಳಿಯವರೇ. "ವೈರೇ ಇಲ್ಲದ ಯಂತ್ರಕ್ಕೆ ಎಂಥ ಹೆದರಿಕೆ ಮಾರಾಯ್ರೆ?"

ಆಚಾರಿ ಗರಗಸದ ಹಲ್ಲು ನೋಡುತ್ತಲೇ ಹೇಳಿದರು, "ನಾಗರಹಾವಿಗೂ ವೈರಿಲ್ಲ ಸಾರ್."

೨. ಬೋಲ್ಟಿನ ಅರ್ಜಿ

ಈ ಗರಗಸದ ತಲೆಯನ್ನು ಮುಂದಕ್ಕೆಳೆದಾಗ ಭಾರವೆಲ್ಲ ಮುಂದೆ ಬರುತ್ತದೆ. ಬುಡವನ್ನು ಮೇಜಿಗೆ ನಾಲ್ಕು ಬೋಲ್ಟು ಹಾಕಿ ಬಿಗಿಯದಿದ್ದರೆ ಕೊಯ್ಯುವವನ ಮೇಲೆಯೇ ಬಗ್ಗುತ್ತದೆ. ನಮ್ಮ ಸ್ಟೋರಿನಲ್ಲಿ ಅಷ್ಟು ಉದ್ದದ ಬೋಲ್ಟು ಇರಲಿಲ್ಲ. ದೇರಾ ಮಾರ್ಕೆಟ್ಟಿನಲ್ಲಿ ಯಾವ ಗಲ್ಲಿಗೆ ಹೋದರೂ ಸಿಗುತ್ತದೆ. ಆದರೆ ನಮ್ಮಲ್ಲಿ ಗಲ್ಲಿಗೆ ಹೋಗುವ ಮೊದಲು ಫಾರಂ ತುಂಬಬೇಕು.

ತುಂಬಿದೆ. ಮೂರು ಅಂಗಡಿಗಳ ಕೊಟೇಶನ್ ಬೇಕು ಎಂದರು ಮ್ಯಾನೇಜರು. ತಂದುಕೊಟ್ಟೆ. ಅಷ್ಟರಲ್ಲಿ ಒಂದರ ಅವಧಿ ಮುಗಿಯಿತು, ಮತ್ತೆ ಮೂರು ತನ್ನಿ ಎಂದರು.

ಈ ನಡುವೆ "ಸುರಕ್ಷತೆಯೇ ಮೊದಲು" ಎಂದು ಇಂಗ್ಲಿಷಿನಲ್ಲಿ ಬರೆದ ಒಂದು ದೊಡ್ಡ ತಗಡಿನ ಬೋರ್ಡು ಬಂತು. ಅದೇ ಮಧ್ಯಾಹ್ನ ಅದನ್ನು ಮರದ ಪಾರ್ಟಿಶನ್ನಿಗೆ ಬಿಗಿಸಿಯೂ ಆಯಿತು, ಲಕಲಕ ಹೊಳೆಯುವ ನಾಲ್ಕು ಉದ್ದನೆಯ ಬೋಲ್ಟಿನಲ್ಲಿ.

ಇದಕ್ಕೆ ಬೋಲ್ಟು ಎಲ್ಲಿಂದ ಬಂತು ಎಂದು ಕೇಳಿದೆ.

"ಬೋರ್ಡು ಯಾರದಾದರೂ ತಲೆಮೇಲೆ ಬಿದ್ದರೆ?" ಎಂದರು ಮ್ಯಾನೇಜರು. "ಸೇಫ್ಟಿ ವಿಷಯದಲ್ಲಿ ನಾನು ಕಾಯುವವನಲ್ಲ."

೩. ಫೋಟೋಕ್ಕೆ ತಯಾರಿ

ಹೊಸ ಗರಗಸದ ತರಬೇತಿ ಆಗಿದೆ ಎಂದು ಅಬುಧಾಬಿಯ ಗಿರಾಕಿ ಕಂಪನಿಗೆ ಫೋಟೋ ಕಳಿಸಬೇಕಿತ್ತು. ತರಬೇತಿಗೆ ಮೊದಲೇ ಎಲ್ಲರ ಸಹಿ ಆಯಿತು, ಆಮೇಲೆ ಹೊತ್ತಿಲ್ಲವೆಂದು ತರಬೇತಿಯೇ ಖಲಾಸ್.

ಫೋಟೋಕ್ಕೆ ಆಚಾರಿಯನ್ನು ಮದುಮಗನಂತೆ ಸಿಂಗರಿಸಿದರು. ಹೆಲ್ಮೆಟ್, ಕನ್ನಡಕ, ದಪ್ಪ ಕೈಗವಸು. ತಿರುಗುವ ಬ್ಲೇಡಿನ ಹತ್ತಿರ ಕೈಗವಸು ಬೇಡ, ನೂಲು ಸಿಕ್ಕಿಕೊಂಡರೆ ಕೈಯನ್ನೇ ಎಳೆಯುತ್ತದೆ ಎಂದು ನಾನು ಹೇಳಿದ್ದು ಕ್ಯಾಮೆರಾಕ್ಕೆ ಕೇಳಿಸಲಿಲ್ಲ. ಕೊನೆಗೆ ಇಪ್ಪತ್ತನೇ ಮಹಡಿಯಲ್ಲಿ ಕಟ್ಟಿಕೊಳ್ಳುವ ಸೊಂಟದ ಬೆಲ್ಟನ್ನೂ ತಂದು ಬಿಗಿದು, ಅದರ ಕೊಕ್ಕೆಯನ್ನು ಸಿಕ್ಕಿಸಲು ಬೇರೇನೂ ಕಾಣದೆ ಗರಗಸದ ಹಿಡಿಗೇ ಸಿಕ್ಕಿಸಿದರು.

ಆಚಾರಿ ಒಮ್ಮೆ ಗರಗಸವನ್ನು, ಒಮ್ಮೆ ಬೆಲ್ಟನ್ನು ನೋಡಿದರು. "ಒಳ್ಳೇದಾಯ್ತು ಸಾರ್. ಇದು ಬಿದ್ದರೆ ಒಟ್ಟಿಗೇ ಹೋಗಬಹುದು, ಹುಡುಕುವ ಕೆಲಸ ಇಲ್ಲ."

೪. ಬ್ಯಾಟರಿಯ ಅಪರಾಧ

ಫೋಟೋ ನೋಡಿಯೋ ಏನೋ, ಅಬುಧಾಬಿಯಿಂದ ಆ ಕಂಪನಿಯ ಇನ್‌ಸ್ಪೆಕ್ಟರೇ ಹೊರಟು ಬಂದರು. ಆ ಹೊತ್ತಿಗೆ ಆಚಾರಿ ಬ್ಯಾಟರಿ ತೆಗೆದು ಕಿಸೆಗೆ ಹಾಕಿಕೊಂಡು, ಬ್ಲೇಡು ನೇರ ಉಂಟಾ ಎಂದು ಮೂಲೆಮಟ್ಟ ಹಿಡಿದು ನೋಡುತ್ತಿದ್ದರು.

"ಯಲ್ಲಾ, ಬೇಗ ಆಚೆ ಸರಿಯಿರಿ, ನಾನೇ ತೋರಿಸುತ್ತೇನೆ," ಎಂದು ಮ್ಯಾನೇಜರು ಅವರನ್ನು ಪಕ್ಕಕ್ಕೆ ಸರಿಸಿದರು. ಆಚಾರಿ ಬಾಯಿ ತೆರೆದರು. ಮ್ಯಾನೇಜರು ಕೈಯೆತ್ತಿ ಸುಮ್ಮನಿರಿಸಿದರು. ಒಂದು ತುಂಡು ಮರ ಇಟ್ಟು, ಎಡಗೈಯಲ್ಲಿ ಅದನ್ನು ಒತ್ತಿ ಹಿಡಿದು, ಇನ್‌ಸ್ಪೆಕ್ಟರ ಮುಖ ನೋಡುತ್ತ ಇಂಗ್ಲಿಷಿನಲ್ಲಿ ಭಾಷಣ ಶುರು ಮಾಡಿದರು. ಎಡಗೈಯ ನಾಲ್ಕು ಬೆರಳು ಸರಿಯಾಗಿ ಬ್ಲೇಡ್ ಇಳಿಯುವ ಗೆರೆಯ ಮೇಲಿತ್ತು. ಆಚಾರಿ ಏಪ್ರನ್ ಕಿಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮ್ಯಾನೇಜರು ಸ್ವಿಚ್ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಸಿಟ್ಟು ಬಂದು ತಲೆಯನ್ನು ಹಿಡಿದು ಮುಂದಕ್ಕೆ ಎಳೆದರು. ಬೋಲ್ಟಿಲ್ಲದ ಗರಗಸ ಹಿಂಗಾಲೆತ್ತಿ, ಮೇಜಿನಿಂದ ಇಳಿದು, ಅವರನ್ನು ಅಪ್ಪಿಕೊಂಡು ನೆಲಕ್ಕೆ ಕೂರಿಸಿ ತಾನೂ ಮಡಿಲಲ್ಲಿ ಕೂತಿತು.

ನಾವು ನಾಲ್ಕು ಜನ ಅದನ್ನು ಎತ್ತಿದೆವು. ಇನ್‌ಸ್ಪೆಕ್ಟರು ಕೇಳಿದ್ದು ಒಂದೇ, ಬೋಲ್ಟು ಎಲ್ಲಿ ಎಂದು. ನಾನು ಸ್ಪ್ಯಾನರ್ ತೆಗೆದುಕೊಂಡು ಹೋಗಿ ಬೋರ್ಡಿನ ನಾಲ್ಕನ್ನೂ ಬಿಚ್ಚಿ ತಂದೆ. ಅಳತೆ ಸರಿಯಾಗಿತ್ತು. ಸುರಕ್ಷತೆಯ ಬೋರ್ಡು ಈಗಲೂ ಕಕ್ಕಸಿನ ಪಕ್ಕ ನೆಲದ ಮೇಲೆ ಒರಗಿ ನಿಂತಿದೆ.

ಮರುದಿನ ಮೆಮೋ ಬಂತು, ಆಚಾರಿಯ ಹೆಸರಿಗೆ. ಅತಿಥಿಗಳ ಎದುರು ಯಂತ್ರದಲ್ಲಿ ಬ್ಯಾಟರಿ ಇಡದೆ ಪ್ರದರ್ಶನ ಕೆಡಿಸಿದ್ದಕ್ಕೆ ಎಚ್ಚರಿಕೆ. ಓದಿ ನನಗೆ ಮೈಯೆಲ್ಲ ಉರಿಯಿತು. ಆಚಾರಿ ಮಾತ್ರ ಶಾಂತವಾಗಿ ಅದನ್ನು ಹಿಡಿದುಕೊಂಡು ಮ್ಯಾನೇಜರ ಕೋಣೆಗೆ ಹೋದರು, ಹಿಂದೆಯೇ ನಾನು.

"ಇಲ್ಲಿ ಸಹಿ ಹಾಕಿ," ಎಂದರು ಮ್ಯಾನೇಜರು.

ಆಚಾರಿಗೆ ಮುದ್ದಾದ ಸಹಿ ಉಂಟು. ಆದರೂ ಮೇಜಿನ ಮೇಲಿದ್ದ ಸ್ಟಾಂಪಿನ ಇಂಕ್ ಪ್ಯಾಡನ್ನು ಎಳೆದುಕೊಂಡು, ಹೆಬ್ಬೆಟ್ಟಿನಿಂದ ಕಿರುಬೆರಳಿನವರೆಗೆ ಒಂದೊಂದನ್ನೇ ಅದ್ದಿ, ಎರಡೂ ಕೈಯ ಹತ್ತು ಬೆರಳನ್ನೂ ಕಾಗದದ ಮೇಲೆ ಸಾಲಾಗಿ ಒತ್ತಿದರು. ಮೊಬೈಲು ತೆಗೆದು ಹೆಂಡತಿಗೆ ಕಳಿಸಲು ಒಂದು ಫೋಟೋ ಹೊಡೆದುಕೊಂಡರು. ಮತ್ತೆ ಪ್ಯಾಡನ್ನು ಮ್ಯಾನೇಜರ ಕಡೆಗೆ ತಳ್ಳಿದರು.

"ಇದು ನನ್ನದು. ಕೆಳಗೆ ಜಾಗ ಉಂಟು, ನಿಮ್ಮದೂ ಒತ್ತಿ ಸಾರ್. ಹತ್ತೂ ಉಂಟಲ್ಲ?"