ವಾಚ್ ಬರಲಿ, ಆಮೇಲೆ ನಡೀತೀನಿ

ಆರಿಸಲು ಬಾರದವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಇಪ್ಪತ್ತೆರಡು ವರ್ಷದಿಂದ ಇದನ್ನು ದೊಡ್ಡ ಗುಣವೆಂಬಂತೆ ಹೇಳಿಕೊಂಡು ಬಂದವಳು ನಾನು. ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ, ಹೆಂಗಸರ ಬಟ್ಟೆಗೆ ಮಾತ್ರ. ಬರುವವರು ಸೀರೆಯನ್ನೇನೋ ಒಂದು ಗಳಿಗೆಯಲ್ಲಿ ಕೊಂಡಿರುತ್ತಾರೆ. ಅದರ ಬ್ಲೌಸಿನ ತೋಳಿಗೆ ಹಚ್ಚುವ ಲೇಸು ಆರಿಸಲು ಮಾತ್ರ ಇಡೀ ಮಧ್ಯಾಹ್ನ ಬೇಕು. ಚಿನ್ನದ ಬಣ್ಣವೋ, ತಾಮ್ರದ ಬಣ್ಣವೋ? ಬೆನ್ನಿಗೆ ಪಾಟ್ ನೆಕ್ಕೋ, ಬೋಟ್ ನೆಕ್ಕೋ? ನಾನು ಟೇಪನ್ನು ಕತ್ತಿಗೆ ಹಾಕಿಕೊಂಡು ನಗುನಗುತ್ತಾ ನಿಂತಿರುತ್ತೇನೆ. ಒಳಗೊಳಗೆ ಮಾತ್ರ, 'ಅಲ್ಲಮ್ಮಾ ತಾಯಿ, ಗಂಡನನ್ನು ಒಪ್ಪಿಕೊಳ್ಳುವಾಗಲೂ ಇಷ್ಟು ಯೋಚನೆ ಮಾಡಿದ್ಯಾ?' ಎಂದು ಕೇಳುತ್ತಿರುತ್ತೇನೆ. ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನೇ ಮುಸುರೆ ಬಾನಿಯಲ್ಲಿ ಬಿತ್ತಂತೆ. ನಾನು ಬಿದ್ದದ್ದು ಒಂದು ಕೈಗಡಿಯಾರದಲ್ಲಿ.

ಬಸವ ಜಯಂತಿಯ ಒಬ್ಬಟ್ಟು ಇನ್ನೂ ಡಬ್ಬಿಯಲ್ಲಿದ್ದ ವಾರ ಅದು. ತಲೆ ಸುತ್ತುತ್ತದೆಂದು ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಅವರು ನನ್ನ ಅಂಗಡಿಯ ಗಿರಾಕಿಯೂ ಹೌದು. ರಕ್ತದ ರಿಪೋರ್ಟ್ ನೋಡಿ, "ಶಶಿಕಲಾ, ಸಕ್ಕರೆ ಗಡೀಲಿ ನಿಂತಿದೆ, ಇನ್ನೂ ದಾಟಿಲ್ಲ. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೀರಿ. ಮೂರು ತಿಂಗಳು ಬಿಟ್ಟು ನೋಡೋಣ. ಇಳಿದ್ರೆ ಸರಿ, ಇಲ್ಲಾಂದ್ರೆ ಮಾತ್ರೆ ಶುರು ಮಾಡ್ಬೇಕಾಗುತ್ತೆ" ಅಂದರು. ಅವರಿಗೆ ಅದು ದಿನಕ್ಕೆ ಹತ್ತು ಸಲ ಹೇಳುವ ಮಾತು. ನನ್ನ ಕಿವಿಯಲ್ಲಿ ಉಳಿದದ್ದು ಮಾತ್ರೆ ಎಂಬುದೊಂದೇ. ನನ್ನಮ್ಮನಿಗೂ ಮೊದಲು ಕೊಟ್ಟದ್ದು ಬರೀ ಅರ್ಧ ಮಾತ್ರೆ. ಆಮೇಲೆ ಒಂದಾಯಿತು, ಎರಡಾಯಿತು, ಹೊಟ್ಟೆಗೆ ಚುಚ್ಚುವ ಸೂಜಿಯಾಯಿತು, ಕೊನೆಗೆ ಬಲಗಾಲಿನ ಹೆಬ್ಬೆರಳು ತೆಗೆದರು. ಹೆಬ್ಬೆರಳಿಲ್ಲದ ಕಾಲಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ಹಿಮ್ಮಡಿಗೆ ಸಿಕ್ಕಿಸಲು ನಾನೇ ಎಲಾಸ್ಟಿಕ್ ಹೊಲಿದುಕೊಟ್ಟಿದ್ದೆ. ಸಾವಿಗೆ ಅಷ್ಟಾಗಿ ಹೆದರದ ನಾನು ಆ ಮೊದಲ ಅರ್ಧ ಮಾತ್ರೆಗೆ ಹೆದರುತ್ತೇನೆ. ಹಾಗಾಗಿ ನಡೆಯುವುದೆಂದು ಅಲ್ಲಿಯೇ ಶಪಥ ಮಾಡಿದೆ.

ಮಾರನೆಯ ದಿನವೇ ಹೊರಟುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವತ್ತು ಅಂಗಡಿಗೆ ನಸೀಮಾ ಬಂದಳು. ಶಿರಾದವಳು, ಇಲ್ಲಿನ ಬ್ಯಾಂಕೊಂದರಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಚೂಡಿದಾರದ ತೋಳಿನ ಅಳತೆ ತೆಗೆಯುತ್ತಿದ್ದಾಗ ಅವಳ ಮಣಿಕಟ್ಟು ಗುರ್ ಎಂದಿತು. "ಹತ್ತು ಸಾವಿರ ಹೆಜ್ಜೆ ಆಯ್ತು ಅಕ್ಕಾ! ಖುಷಿಯಾಗಿ ಚಪ್ಪಾಳೆ ತಟ್ತಾ ಇದೆ" ಎಂದು ವಾಚ್ ತೋರಿಸಿದಳು. ಪುಟ್ಟ ಪರದೆಯ ಮೇಲೆ ಬಣ್ಣದ ಪಟಾಕಿ ಸಿಡಿಯುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಇಪ್ಪತ್ತೆರಡು ವರ್ಷ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ನಡೆದೇ ಓಡಾಡಿದ್ದೇನೆ, ಯಾವ ಪುಣ್ಯಾತ್ಮನೂ ನನಗೆ ಪಟಾಕಿ ಹೊಡೆದಿರಲಿಲ್ಲ. "ಇದಿಲ್ದೆ ನಡೆದ್ರೆ ಎಷ್ಟು ನಡೆದ್ವಿ ಅಂತ ಹೆಂಗ್ ಗೊತ್ತಾಗುತ್ತೆ? ಬಿಲ್ಕುಲ್ ವೇಸ್ಟ್" ಎಂದಳು ನಸೀಮಾ. ಆ ಮಾತು ನನ್ನ ತಲೆಯಲ್ಲಿ ಎಂಥ ಕೆಲಸ ಮಾಡಿತೆಂದು ಅವಳಿಗೂ ಗೊತ್ತಿಲ್ಲ.

ಮನೆಯಲ್ಲಿ ಹೇಳಿದೆ. ನಮ್ಮ ಯಜಮಾನರು ಬಸ್ ಕಂಡಕ್ಟರ್. ಒಂದು ವಾರ ಪಾವಗಡ ರೂಟು, ಒಂದು ವಾರ ಕೊರಟಗೆರೆ ರೂಟು. ಅವರ ಸ್ವಭಾವ ಹೇಗೆಂದರೆ, ಮನೆಯ ಯಾವ ವಿಷಯವನ್ನಾದರೂ ಟಿಕೆಟ್ ಹರಿಯುತ್ತಾ ಬಸ್ಸಿನ ಜನರ ಮುಂದಿಟ್ಟು ತೀರ್ಮಾನಿಸುತ್ತಾರೆ. ಮಗಳಿಗೆ ಯಾವ ಕಾಲೇಜು ಎಂಬುದನ್ನೂ ಹಾಗೆಯೇ ತೀರ್ಮಾನಿಸಿದ್ದು. ನನ್ನ ವಾಚೂ ಬಸ್ ಹತ್ತಿತು. ತೆಲುಗು ಬೆರೆಸಿ ಮಾತಾಡುವ ಪಾವಗಡದ ಮೇಷ್ಟ್ರೊಬ್ಬರು, "ಗುಂಡಗಿರೋದು ವದ್ದಂಡೀ, ಚದರದ್ದು ತಗೊಳ್ಳಿ. ಅಕ್ಷರ ದೊಡ್ಡದಾಗಿ ಕಾಣ್ತದೆ" ಎಂದರಂತೆ. ಮರುದಿನ ನಿಡುಗಲ್ ಕಡೆಯ ರೈತರೊಬ್ಬರು, ಚದರದ್ದು ಗೋಡೆಗೆ ತಗುಲಿದರೆ ಮೂಲೆಯಲ್ಲೇ ಒಡೆಯುತ್ತದೆ ಎಂದರಂತೆ. ಕೊರಟಗೆರೆ ರೂಟಿನ ವಾರದಲ್ಲಿ ಗೊರವನಹಳ್ಳಿಗೆ ಹೋಗುವ ಹೆಂಗಸರು ಬ್ಯಾಟರಿಯ ಪ್ರಶ್ನೆ ಎತ್ತಿದರು: ಒಂದು ಸಲ ಚಾರ್ಜ್ ಮಾಡಿದರೆ ವಾರವಾದರೂ ಬರಬೇಕು, ಇಲ್ಲದಿದ್ದರೆ ಅದೂ ಮನೆಯಲ್ಲಿ ಇನ್ನೊಂದು ಕೂಸು ಸಾಕಿದ ಹಾಗೆ. ಯಜಮಾನರು ದಿನಾ ಸಂಜೆ ಚೀಲ ಇಳಿಸುವ ಮೊದಲೇ, "ಲೇ, ಇವತ್ತು ಒಂದು ಹೊಸ ಪಾಯಿಂಟ್ ಬಂತು ಕಣೇ" ಎಂದು ಶುರು ಮಾಡುತ್ತಿದ್ದರು. ಹಿಂದಿನ ದಿನ ನಾನು ಗಟ್ಟಿ ಮಾಡಿಕೊಂಡದ್ದೆಲ್ಲ ಆ ಹೊಸ ಪಾಯಿಂಟಿಗೆ ಸಡಿಲವಾಗುತ್ತಿತ್ತು.

ನಮ್ಮ ಅತ್ತೆಯದು ಒಂದೇ ಪಾಯಿಂಟು. ಹುಲಿಕುಂಟೆಯಿಂದ ಸೊಸೆಯಾಗಿ ಬಂದವರು, ಎಪ್ಪತ್ತು ದಾಟಿದೆ, ಈಗಲೂ ಸೊಪ್ಪು ತರಲು ಸಂತೆಗೆ ನಡೆದೇ ಹೋಗುತ್ತಾರೆ. "ನಡಿಯೋಕೆ ಕಾಲು ಬೇಕು ಕಣಮ್ಮ, ಗಡಿಯಾರ ಯಾತಕ್ಕೆ? ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲ್ದಂಗಾತು ನಿನ್ ಕತೆ. ಮೊದ್ಲು ಎದ್ದು ನಡಿ, ಅತ್ಲಾಗೆ" ಎನ್ನುತ್ತಿದ್ದರು. ಹೊಲಿಯುವುದೇ ನನ್ನ ಕಸುಬಾದ್ದರಿಂದ ನಾನು ಆ ಗಾದೆಗೆ ಸೊಪ್ಪು ಹಾಕಲಿಲ್ಲ.

ಪೇಟೆಯ ವಾಚ್ ಅಂಗಡಿಗೆ ಆರು ಸಲ ಹೋದೆ. ಅಂಗಡಿಯವರು ಒಳ್ಳೆಯ ಮನುಷ್ಯರು, ನಾಲ್ಕನೆಯ ಸಲದವರೆಗೆ ಕಾಫಿ ತರಿಸಿದರು. ಒಂದು ವಾಚು ಎದೆಬಡಿತ ಹೇಳುತ್ತದೆ, ಒಂದು ನಿದ್ದೆ ಅಳೆಯುತ್ತದೆ, ಇನ್ನೊಂದು ನೀರಿನಲ್ಲಿ ಐವತ್ತು ಮೀಟರ್ ಆಳಕ್ಕೆ ಹೋದರೂ ಕೆಡುವುದಿಲ್ಲ. ನಮ್ಮ ಊರಿನ ಕೆರೆಗಳಲ್ಲಿ ಮೊಣಕಾಲು ಮುಳುಗುವುದೇ ಪುಣ್ಯ. ಆದರೂ ಆ ಐವತ್ತು ಮೀಟರನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮನೆಗೆ ಬಂದರೆ ಸಮಾಧಾನವಿಲ್ಲ. ಫೋನಿನಲ್ಲಿ ಯಾರ್ಯಾರೋ ವಾಚುಗಳ ಗುಣದೋಷ ಹೇಳುವ ವಿಡಿಯೋ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಾನೆ. ಮೆಷಿನ್ ತುಳಿಯುತ್ತಾ ಅದನ್ನೇ ನೋಡಿ ನೋಡಿ, ಒಂದು ದಿನ ಯಾರದೋ ರೇಷ್ಮೆ ಬ್ಲೌಸಿಗೆ ಎಡ ತೋಳನ್ನು ಬಲಕ್ಕೂ ಬಲ ತೋಳನ್ನು ಎಡಕ್ಕೂ ಕೂಡಿಸಿಬಿಟ್ಟೆ. ಬಿಚ್ಚುತ್ತಾ ಕೂತಾಗ ಅಳು ಬಂತು. ತಿಂಗಳೊಂದು ಆಗಲೇ ಕಳೆದಿತ್ತು.

ನನ್ನ ಸಂಕಟ ನೋಡಲಾರದೆ ನಸೀಮಾ ಒಂದು ಶನಿವಾರ ಸಂಜೆ ತನ್ನ ವಾಚನ್ನೇ ಬಿಚ್ಚಿಕೊಟ್ಟಳು. "ಸೋಮವಾರ ಸಂಜೆವರೆಗೂ ಕಟ್ಕೊಂಡು ನೋಡಿ ಅಕ್ಕಾ, ನಿಮಗೆ ಏನು ಬೇಕು ಅಂತ ನಿಮಗೇ ಗೊತ್ತಾಗುತ್ತೆ" ಎಂದಳು. ಕಟ್ಟಿದ ವಾಚನ್ನು ಬಿಚ್ಚಬಾರದು, ಬಿಚ್ಚಿದರೆ ಲೆಕ್ಕ ತಪ್ಪುತ್ತದೆ ಎಂದು ವಿಡಿಯೋದಲ್ಲಿ ಕೇಳಿದ್ದೆನಲ್ಲ, ಭಾನುವಾರ ಬೆಳಿಗ್ಗೆ ಸ್ನಾನಕ್ಕೂ ಬಿಚ್ಚಲಿಲ್ಲ. ಹಾಗೆಯೇ ಪೂಜೆಗೆ ಕೂತೆ. ನಮ್ಮದು ಲಿಂಗಪೂಜೆ ತಪ್ಪದ ಮನೆ. ಅತ್ತೆ ಒಂದು ಚಾಪೆಯಲ್ಲಿ, ನಾನೊಂದು ಚಾಪೆಯಲ್ಲಿ. ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು, ದೃಷ್ಟಿ ನೆಟ್ಟು, ಅಪರೂಪಕ್ಕೆ ಮನಸ್ಸು ನಿಂತಿತ್ತು. ಅಷ್ಟರಲ್ಲಿ ಅಂಗೈ ಗುರ್ ಎಂದು ನಡುಗಿತು. ಲಿಂಗ ಅಲುಗಿತು. ಬಲಗೈ ಅಡ್ಡ ಕೊಟ್ಟು ಹಿಡಿದುಕೊಂಡೆ. ನಸೀಮಾ ತನ್ನ ಬೆಳಗಿನ ನಡಿಗೆಗೆಂದು ಇಟ್ಟುಕೊಂಡಿದ್ದ ಅಲಾರಾಂ ಅದು.

ಅತ್ತೆ ಕಣ್ಣು ತೆರೆದರು. "ಏನಮ್ಮ ಅದು ಗುರ್ರ್ ಅಂತು?"

"ವಾಚ್ ಅತ್ತೆ. ಎದ್ದು ನಡಿ ಅಂತ ಹೇಳ್ತಾ ಇದೆ."

"ಶಿವನ್ನ ಕೈಯಾಗಿಟ್ಕಂಡು ಎಲ್ಲಿಗ್ ನಡಿತೀಯ? ಬಿಚ್ಚಿಡಮ್ಮ ಅತ್ಲಾಗೆ!"

ಎಡಗೈ ಆಗದು ಎಂದು ಸೋಮವಾರ ಬಲಗೈಗೆ ಕಟ್ಟಿಕೊಂಡು ಅಂಗಡಿಗೆ ಹೋದೆ. ಬೆಳಿಗ್ಗೆಯಿಡೀ ಮೇಜಿನ ಮುಂದೆ ನಿಂತಲ್ಲೇ ನಿಂತು ಬಟ್ಟೆ ಕತ್ತರಿಸಿದೆ, ಇಸ್ತ್ರಿ ಹಾಕಿದೆ. ಮಧ್ಯಾಹ್ನ ನೋಡಿದರೆ ನಾಲ್ಕು ಸಾವಿರ ಹೆಜ್ಜೆ! ಊಟವಾದ ಮೇಲೆ ಮೆಷಿನ್ ತುಳಿಯಲು ಕೂತೆ. ಸಂಜೆಯವರೆಗೆ ಕಾಲು ಸೇದಿಹೋಗುವಷ್ಟು ತುಳಿದರೂ ವಾಚು ಹೆಜ್ಜೆ ಏರಿಸಲಿಲ್ಲ. ಕತ್ತರಿ ಆಡಿಸಿದ ಕೈಗೆ ನಾಲ್ಕು ಸಾವಿರ, ದುಡಿದ ಕಾಲಿಗೆ ಸೊನ್ನೆ. ವಾಚ್ ವಾಪಸ್ ಪಡೆಯಲು ಬಂದ ನಸೀಮಾ ಬಿದ್ದು ಬಿದ್ದು ನಕ್ಕಳು: "ಯಾ ಅಲ್ಲಾ, ನಿಂತ್ಕೊಂಡೇ ಶಿರಾ ದಾರಿ ಹಿಡ್ದಿದ್ರಲ್ಲ ಅಕ್ಕಾ!" ನನಗೆ ನಗು ಬರಲಿಲ್ಲ. ಎಡಗೈಯಲ್ಲಿ ದೇವರಿದ್ದಾನೆ, ಬಲಗೈಯಲ್ಲಿ ಕತ್ತರಿಯಿದೆ, ವಾಚ್ ಕಟ್ಟಲು ಮೂರನೆಯ ಕೈಯನ್ನು ಎಲ್ಲಿಂದ ತರಲಿ? ಪೂಜೆಗೆ ತೆಪ್ಪಗಿರುವ, ಕತ್ತರಿಗೆ ಮೋಸಹೋಗದ ವಾಚು ಬೇಕೆಂದು ಹುಡುಕಾಟವನ್ನು ಮೊದಲಿನಿಂದ ಶುರು ಮಾಡಿದೆ.

ಈಗ ನಿಜ ಹೇಳಿಬಿಡುತ್ತೇನೆ. ಈ ದಿನಗಳಲ್ಲೆಲ್ಲ ನಾನು ನಡೆಯುತ್ತಿರಲಿಲ್ಲ. ಮುಕ್ಕಾಲು ಗಂಟೆಯ ಮಾತು ಹಾಗಿರಲಿ, ಮೊದಲಿದ್ದ ನಡಿಗೆಯನ್ನೂ ಬಿಟ್ಟಿದ್ದೆ. ವಾಚ್ ಬರುವ ಮೊದಲು ಇಟ್ಟ ಹೆಜ್ಜೆ ಲೆಕ್ಕಕ್ಕೆ ಸೇರುವುದಿಲ್ಲವಲ್ಲ, ಸುಮ್ಮನೆ ದಂಡ ಎಂದು ಮನಸ್ಸು ಹೇಳುತ್ತಿತ್ತು. ಪಕ್ಕದ ಮನೆಯವರ ಸ್ಕೂಟರ್ ಸಿಕ್ಕರೆ ಅದರ ಹಿಂದೆ, ಇಲ್ಲವಾದರೆ ಆಟೋ. ಶೂ ಕೊಂಡಿದ್ದೆ, ಅದೂ ಡಬ್ಬಿಯಲ್ಲೇ ಇತ್ತು. ಹೊಸ ವಾಚಿನ ಜೊತೆ ಹೊಸ ಶೂ, ಮೊದಲ ದಿನದಿಂದ ಒಂದು ಹೆಜ್ಜೆಯೂ ತಪ್ಪದ ಲೆಕ್ಕ. ಎಷ್ಟು ಚೆಂದ ಅನ್ನಿಸುತ್ತಿತ್ತು! ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೊಸ ವಸ್ತು ಮನೆಗೆ ತರಬಾರದೆಂದು ಯಾರೂ ಹೇಳಬೇಕಾಗಿರಲಿಲ್ಲ, ನಾನೇ ಎಲ್ಲರಿಗೂ ನೆನಪಿಸಿದೆ. ಆ ತಿಂಗಳು ನನಗೆಷ್ಟು ಹಾಯೆನಿಸಿತೆಂದು ಹೇಳಿಕೊಳ್ಳಲು ನಾಚಿಕೆ. ಆದರೂ ಹಾಯಾಗಿ ಕೂರಲಾಗಲಿಲ್ಲ. ಕಾಲಿನ ಹೆಬ್ಬೆರಳನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಜುಮ್ಮೆಂದರೂ ಹೆದರಿಕೆ, ಅನ್ನದಿದ್ದರೂ ಹೆದರಿಕೆ.

ಶ್ರಾವಣ ಹಿಡಿಯುವ ಹೊತ್ತಿಗೆ ಮೂರು ತಿಂಗಳು ತುಂಬಿತು. ರಕ್ತ ಕೊಟ್ಟು, ರಿಪೋರ್ಟ್ ಹಿಡಿದು ಡಾಕ್ಟರಮ್ಮನ ಎದುರು ಕೂತೆ. ಅವರು ಓದಿ, ಕನ್ನಡಕ ತೆಗೆದರು. ಗಡಿ ದಾಟಿತ್ತು.

"ದಿನಾ ನಡೀತಿದ್ರಾ?"

"ಇನ್ನೇನು ಶುರು ಮಾಡೋದೇ ಮೇಡಂ. ಶೂ ತಗೊಂಡಿದೀನಿ. ಯಾವ ದಾರೀಲಿ ಹೋಗೋದು ಅಂತಾನೂ ನೋಡ್ಕೊಂಡಿದೀನಿ. ವಾಚೂ ಹೆಚ್ಚುಕಮ್ಮಿ ಗಟ್ಟಿ ಆಗಿದೆ. ಎಲ್ಲ ಆಗಿದೆ, ಬರೀ ವಾಚ್ ಬರೋದೊಂದು ಬಾಕಿ. ಇನ್ನು ಹದಿನೈದು ದಿನ ಕೊಡಿ ಮೇಡಂ."

ಡಾಕ್ಟರಮ್ಮ ನನ್ನನ್ನೇ ನೋಡಿದರು. "ಶಶಿಕಲಾ, ನಮ್ಮ ತಂಗಿ ಮದುವೆಗೆ ನಿಮ್ಮ ಹತ್ರ ಬ್ಲೌಸ್ ಕೊಟ್ಟಿದ್ದೆ. ನಾಲ್ಕು ಸಲ ಬಂದೆ. ನಾಲ್ಕು ಸಲಾನೂ 'ಎಲ್ಲ ಆಗಿದೆ ಮೇಡಂ, ಬರೀ ಹುಕ್ಕು ಹಾಕೋದೊಂದು ಬಾಕಿ' ಅಂದ್ರಿ. ಐದನೇ ಸಲ ನಾನೇ ಒಳಗೆ ಬಂದು ನೋಡಿದ್ರೆ, ಬಟ್ಟೆ ನಾನು ಕೊಟ್ಟ ಕವರಿನಲ್ಲೇ ಇತ್ತು. ಕತ್ತರಿ ಕೂಡ ತಾಗಿರ್ಲಿಲ್ಲ."

ನನ್ನ ಕಿವಿ ಬಿಸಿಯಾಯಿತು. ಈ ಮಾತನ್ನು ಟೈಲರುಗಳೆಲ್ಲ ಹೇಳುತ್ತೇವೆ. ಬಂದವರು ಬೇಜಾರಿಲ್ಲದೆ ವಾಪಸ್ ಹೋಗಲಿ ಎಂದು ಹೇಳುತ್ತೇವೆ, ಸುಳ್ಳು ಹೇಳುತ್ತಿದ್ದೇವೆ ಅನ್ನಿಸುವುದೇ ಇಲ್ಲ. ಅದನ್ನು ನನ್ನ ಮೈಗೇ ಮೂರು ತಿಂಗಳು ಹೇಳಿ ವಾಪಸ್ ಕಳಿಸಿದ್ದೆ. ಕಣ್ಣು ತುಂಬಿ ಬಂತು. ಡಾಕ್ಟರಮ್ಮ ಚೀಟಿ ಬರೆಯುತ್ತಾ, "ಸದ್ಯಕ್ಕೆ ಅರ್ಧ ಮಾತ್ರೆ. ನಡೆದ್ರೆ ನಿಲ್ಲಿಸೋಕೂ ಆಗಬಹುದು, ನೋಡೋಣ" ಎಂದರು.

ಅಲ್ಲಿಂದ ಸೀದಾ ವಾಚ್ ಅಂಗಡಿಗೆ ನಡೆದೆ. ಯಾವ ಬಣ್ಣ ಎಂದು ಅಂಗಡಿಯವರು ಕೇಳಿದರು, ಕೈಗೆ ಸಿಕ್ಕಿದ್ದು ಕೊಡಿ ಎಂದೆ. ಗುಂಡಗಿನದೋ ಚದರದ್ದೋ ಎಂಬುದು ಮನೆಗೆ ಬಂದು ಕಟ್ಟಿಕೊಂಡ ಮೇಲೇ ಗೊತ್ತಾದದ್ದು. ಈಗ ಬೆಳಿಗ್ಗೆ ಶೂ ಹಾಕಿ ನಡೆಯುತ್ತೇನೆ. ಬಂದು ಸ್ನಾನ, ಪೂಜೆ ಮುಗಿಸಿ ವಾಚ್ ಕಟ್ಟುತ್ತೇನೆ. ಹೌದು, ನಡೆಯುವಾಗ ಅದನ್ನು ಕಟ್ಟುವುದಿಲ್ಲ. ಆ ಹೊತ್ತಿನಲ್ಲಿ ಅದು ಚಾರ್ಜಿಗೆ ಇರುತ್ತದೆ. ಎದೆಬಡಿತ, ನಿದ್ದೆ, ಐವತ್ತು ಮೀಟರ್ ನೀರು ಯಾವುದನ್ನೂ ಕೇಳುವವರಿಲ್ಲ. ತಿಂಡಿಯ ಹೊತ್ತಿಗೆ ಒಂದು ಸಲ ಗುರ್ ಎನ್ನುವಂತೆ ಮಾತ್ರ ಇಟ್ಟುಕೊಂಡಿದ್ದೇನೆ.

ಮೊನ್ನೆ ಅದು ಗುರ್ ಎಂದಾಗ ಅತ್ತೆ ಪಕ್ಕದಲ್ಲೇ ತಿಂಡಿ ತಿನ್ನುತ್ತಿದ್ದರು. "ಇಷ್ಟು ದಿನ ಹುಡುಕಿ ತಂದ್ಯಲ್ಲ, ಈಗೇನಂತೆ ಅದು?" ಎಂದರು.

"ಮಾತ್ರೆ ತಗೋ ಅಂತ ಹೇಳ್ತಿದೆ ಅತ್ತೆ."

"ಅಷ್ಟೇಯ? ಅದನ್ನ ನಾನೇ ಹೇಳ್ತಿದ್ನಲ್ಲ ಕಣಮ್ಮ, ಚಾರ್ಜಿಗೂ ಹಾಕಂಗಿರ್ಲಿಲ್ಲ."

ತಿರುಗಿ ಒಂದು ಮಾತು ಹೇಳೋಣವೆಂದರೆ, ನನ್ನ ಬಾಯಲ್ಲಿ ಅರ್ಧ ಮಾತ್ರೆ ಇತ್ತು.